ಅಖ್ಲಾಕ್‌ಗೆ ಎಷ್ಟು ಮಾರ್ಕ್ಸು?

ಮೂರು ಜನ ಒಟ್ಟಿಗೆ ಕೂತಿರುವಾಗ ಒಬ್ಬನನ್ನು ಬಿಟ್ಟು ಉಳಿದ ಇಬ್ಬರು ಪಿಸುಪಿಸು ಮಾತಾಡಬಾರದು, ಆ ಮೂರನೆಯವನ ಮನಸ್ಸಿಗೆ ನೋವಾಗುತ್ತೆ. ಬುಖಾರಿ, ಮುಸ್ಲಿಮ್ ಎರಡೂ ಹದೀಸ್ ಸಂಗ್ರಹಗಳಲ್ಲಿ ಈ ಅರ್ಥದ ಮಾತಿದೆ. ನಾನು ಇದನ್ನು ಮೊದಲು ಕೇಳಿದ್ದು ಅರಕಲಗೂಡು ತಾಲ್ಲೂಕಿನ ನಮ್ಮೂರ ಮಕ್ತಬ್‌ನಲ್ಲಿ, ಎರಡನೇ ಕ್ಲಾಸಿನಲ್ಲಿದ್ದಾಗ. ಹಾಸನದಲ್ಲಿ ಬಿಇ ಮುಗಿಸಿ ಬೆಂಗಳೂರಿಗೆ ಬಂದು ಹದಿಮೂರು ವರ್ಷ ಆಯ್ತು. ಆಫೀಸಿನ ಬದುಕಿಗೆ ಇಷ್ಟು ಸರಿಯಾಗಿ ಹೊಂದುವ ನೀತಿ ನನಗೆ ಇನ್ನೊಂದು ಸಿಕ್ಕಿಲ್ಲ. ಹತ್ತು ಜನರ ಟೀಮಿಗೆ ಒಂದು ವಾಟ್ಸಾಪ್ ಗ್ರೂಪು, ಅದರಲ್ಲಿ ಒಬ್ಬರನ್ನ ಬಿಟ್ಟು ಒಂಬತ್ತು ಜನಕ್ಕೆ ಇನ್ನೊಂದು ಗ್ರೂಪು. ಮೀಟಿಂಗ್ ನಡೀತಿರುವಾಗಲೇ, ಮಾತಾಡ್ತಿರುವವನ ಬಗ್ಗೆ ಪಕ್ಕದ ಚಾಟ್‌ನಲ್ಲಿ ನಗೋ ಇಮೋಜಿ. ನಿಮಗೂ ಗೊತ್ತಿರುತ್ತೆ ಬಿಡಿ.

ಇಂಥ ನಿಯಮಗಳಿಗೆ ಅದಬ್ ಅಂತಾರೆ. ಇಸ್ಲಾಮಿನಲ್ಲಿ ಇವುಗಳ ದೊಡ್ಡ ಭಂಡಾರವೇ ಇದೆ. ಸವಾರಿಯಲ್ಲಿ ಹೋಗುವವನು ನಡೆದು ಹೋಗುವವನಿಗೆ, ನಡೆಯುವವನು ಕೂತವನಿಗೆ, ಚಿಕ್ಕವರು ದೊಡ್ಡವರಿಗೆ ಮೊದಲು ಸಲಾಂ ಹೇಳಬೇಕು. ಇನ್ನೊಬ್ಬರ ಮನೆ ಬಾಗಿಲಲ್ಲಿ ಮೂರು ಸಲ ಕೇಳಬೇಕು, ಉತ್ತರ ಬರದಿದ್ದರೆ ಬೇಜಾರಿಲ್ಲದೆ ವಾಪಸ್ ಹೋಗಬೇಕು. ದಾರಿಯಲ್ಲಿ ಮುಳ್ಳೋ ಕಲ್ಲೋ ಬಿದ್ದಿದ್ದರೆ ಎತ್ತಿ ಪಕ್ಕಕ್ಕೆ ಹಾಕಬೇಕು, ಅದೂ ದಾನವೇ. ಸಾರು ಮಾಡಿದರೆ ನೀರು ಸ್ವಲ್ಪ ಜಾಸ್ತಿ ಹಾಕಿ ನೆರೆಮನೆಯವರಿಗೂ ಕೊಡಬೇಕು. (ಈ ಕೊನೆಯದನ್ನ ನಮ್ಮಮ್ಮಿ ಎಷ್ಟು ನಿಷ್ಠೆಯಿಂದ ಪಾಲಿಸ್ತಿದ್ರು ಅಂದ್ರೆ, ಮನೆಯಲ್ಲಿ ಗಟ್ಟಿ ಸಾರು ಉಂಡ ನೆನಪೇ ನನಗಿಲ್ಲ.)

ಬೆಳಗ್ಗೆ ಆರೂವರೆಗೆ ಮಕ್ತಬ್, ಒಂಬತ್ತೂವರೆಗೆ ಸರ್ಕಾರಿ ಕನ್ನಡ ಶಾಲೆ. ಹಜ್ರತ್ ಉತ್ತರದ ಕಡೆಯವರು, ಕನ್ನಡ ಅಷ್ಟಕ್ಕಷ್ಟೆ. ಸಲಾಂ ಪಾಠ ಆದ ದಿನ ನಮಗೊಂದು ಸಮಸ್ಯೆ ಬಂತು. ಮಕ್ತಬ್‌ನಿಂದ ಮನೆಗೆ ಬರುವ ದಾರಿಯಲ್ಲಿ ಜಗಲಿ ಮೇಲೆ ಗೌಡರು ಕೂತಿರ್ತಾರೆ. ನಾವು ನಡೆಯುವವರು, ಅವರು ಕೂತವರು. ಅವರಿಗೂ ಸಲಾಂ ಹೇಳಬೇಕಾ? ಮಾರನೇ ದಿನ ಹಜ್ರತ್‌ಗೇ ಕೇಳಿದ್ವಿ. ಅವರು ಸ್ವಲ್ಪ ಯೋಚಿಸಿ, “ಅವರ ಮಾತಿನಲ್ಲಿ ಏನಂತಾರೋ ಅದನ್ನ ಹೇಳು, ಆದ್ರೆ ಮೊದಲು ನೀನು ಹೇಳು” ಅಂದ್ರು. ಅವತ್ತಿಂದ ದಿನಾ “ನಮಸ್ಕಾರ ಗೌಡ್ರೇ”. ಅವರು ಎಲೆಅಡಿಕೆ ಬಾಯಲ್ಲೇ, “ಏನ್ಲಾ ಸಾಬ್ರ ಹುಡ್ಗ, ಓದು ಜೋರಾ?” ಅಂತಿದ್ರು. ಅಷ್ಟೆ. ಸಲಾಂ ಅನ್ನುವ ಪದದಲ್ಲಿ ಎಷ್ಟು ಧರ್ಮ ಇದೆ, ಮೊದಲು ಮಾತಾಡಿಸುವುದರಲ್ಲಿ ಎಷ್ಟಿದೆ ಅನ್ನುವ ಪ್ರಶ್ನೆಗೆ ಆ ಮನುಷ್ಯ ನಿಂತ ನಿಲುವಿನಲ್ಲಿ ಉತ್ತರ ಕೊಟ್ಟಿದ್ದರು. ಆ ಉತ್ತರವನ್ನು ಒಪ್ಪದ ಮೌಲ್ವಿಗಳೂ ಇರಬಹುದು. ನನಗೆ ಅದೇ ಸರಿ ಅನ್ನಿಸುತ್ತೆ.

ಈಗ ಈ ವಿಷಯ ಯಾಕೆ ಬಂತು ಅಂದ್ರೆ, ಊರ ಕಡೆಯ ಹಿರಿಯರೊಬ್ಬರು ಫೋನ್ ಮಾಡಿದ್ದರು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕು ತಾಲ್ಲೂಕಿನ ಶಾಲೆ ಮಕ್ಕಳಿಗೆ ಇಸ್ಲಾಮಿ ಶಿಷ್ಟಾಚಾರ ಮತ್ತು ನಡತೆ ಕಲಿಸಬೇಕು ಅನ್ನುವ ಯೋಜನೆ. ಕನ್ನಡದಲ್ಲಿ ಒಂದು ಪುಟ್ಟ ಪುಸ್ತಕ, ಯಾಕಂದ್ರೆ ಈಗಿನ ಎಷ್ಟೋ ಮಕ್ಕಳಿಗೆ ಮನೆಯಲ್ಲಿ ದಖನಿ ಮಾತು ಇದ್ದರೂ ಉರ್ದು ಓದೋಕೆ ಬರಲ್ಲ. ಪುಸ್ತಕ ಓದಿಸಿ ಐವತ್ತು ಪ್ರಶ್ನೆಯ ಪರೀಕ್ಷೆ, ತಾಲ್ಲೂಕಿಗೆ ಮೂರು ಬಹುಮಾನ, ಕೊನೆಗೆ ಹಾಸನದಲ್ಲಿ ದೊಡ್ಡ ಸಮಾರಂಭ. “ಬೇಟಾ, ಫಸ್ಟ್ ಪ್ರೈಜ್ ನಿಮ್ಮಂಥ ಇಂಜಿನಿಯರ್ ಕೈಯಿಂದಾನೇ ಆಗ್ಲಿ” ಅಂದ್ರು.

ಅವರ ಆತಂಕ ಸುಳ್ಳಲ್ಲ. ಅಪ್ಪ ಗ್ಯಾರೇಜಿನಲ್ಲೋ ಗಲ್ಫ್‌ನಲ್ಲೋ ಇರ್ತಾರೆ, ಹುಡುಗರು ರಾತ್ರಿ ಎರಡರವರೆಗೆ ಮೊಬೈಲು, ಬೆಳಗ್ಗೆ ಮಕ್ತಬ್‌ಗೆ ಏಳಲ್ಲ, ಬಾಯಿ ಬಿಟ್ಟರೆ ಬೈಗುಳ. ಎಲ್ಲಾ ಜಾತಿಯ ಹಿರಿಯರೂ ಹೇಳುವ ದೂರೇ ಇದು. ಒಳ್ಳೆ ಮಾತು ಕಲಿಸೋಕೆ ಹೊರಟವರಿಗೆ ಬೇಡ ಅನ್ನೋದು ಹೇಗೆ? ಆದರೂ ನನ್ನ ತಲೆ ಆ ಐವತ್ತು ಪ್ರಶ್ನೆಗಳಲ್ಲಿ ಸಿಕ್ಕಿಕೊಂಡಿತು. ಸುಳ್ಳು ಹೇಳುವುದು ಒಳ್ಳೆಯದೋ ಕೆಟ್ಟದ್ದೋ ಅಂತ ನಾಲ್ಕು ಆಯ್ಕೆ ಕೊಟ್ಟರೆ ಯಾವ ಮಗು ತಪ್ಪು ಗುರುತು ಹಾಕುತ್ತೆ? ಪಕ್ಕದವನ ಉತ್ತರ ನೋಡಿ ‘ಕಳ್ಳತನ ಪಾಪ’ ಅಂತ ಗುರುತು ಹಾಕಿದ ಹುಡುಗನಿಗೂ ಪೂರ್ತಿ ಮಾರ್ಕ್ಸೇ.

ನಮ್ಮ ಕಸುಬಿನಲ್ಲಿ ಇದು ದಿನಾ ನೋಡುವ ವಿಷಯ. ಟೆಸ್ಟ್ ಪಾಸಾಗಲಿ ಅಂತಲೇ ಬರೆದ ಕೋಡ್ ಟೆಸ್ಟ್ ಪಾಸಾಗುತ್ತೆ, ಗಿರಾಕಿಯ ಕೈಗೆ ಹೋದ ತಕ್ಷಣ ಬೀಳುತ್ತೆ. ವರ್ಷಕ್ಕೊಮ್ಮೆ ನಾವೆಲ್ಲ ಮಾಡುವ ನೀತಿಸಂಹಿತೆ ತರಬೇತಿ ನೆನಪು ಮಾಡ್ಕೊಳ್ಳಿ. ವಿಡಿಯೊ ಮ್ಯೂಟ್ ಮಾಡಿ, ನೆಕ್ಸ್ಟ್, ನೆಕ್ಸ್ಟ್, ಕೊನೆಗೆ ಹತ್ತು ಪ್ರಶ್ನೆ, ಸರ್ಟಿಫಿಕೇಟು. ಆ ಸರ್ಟಿಫಿಕೇಟು ನೋಡಿ ಯಾರಾದರೂ ಯಾರನ್ನಾದರೂ ನಂಬಿದ್ದುಂಟಾ?

ವಿಚಿತ್ರ ಏನಂದ್ರೆ, ಈ ಅನುಮಾನ ಇಸ್ಲಾಮಿನ ಒಳಗೇ ಬಹಳ ಹಳೆಯದು. ಅದಬ್ ಬೇರೆ, ಅಖ್ಲಾಕ್ ಬೇರೆ. ಅದಬ್ ಕಣ್ಣಿಗೆ ಕಾಣುತ್ತೆ: ಬಲಗೈಯಲ್ಲಿ ಉಣ್ಣು, ದೊಡ್ಡವರು ಬಂದರೆ ಜಾಗ ಬಿಡು. ಅಖ್ಲಾಕ್ ಅಂದ್ರೆ ಒಳಗಿನ ಗುಣ. 1030ರಲ್ಲಿ ತೀರಿಕೊಂಡ ಇಬ್ನ್ ಮಿಸ್ಕವೈಹ್ ಗ್ರೀಕರ ಅರಿಸ್ಟಾಟಲ್‌ನನ್ನೂ ಓದಿಕೊಂಡು ನಡತೆಯ ಬಗ್ಗೆ ‘ತಹ್‌ಜೀಬುಲ್ ಅಖ್ಲಾಕ್’ ಅಂತ ಒಂದು ಪುಸ್ತಕವನ್ನೇ ಬರೆದ. ಅವನ ಪ್ರಕಾರ ಗುಣ ಅಂದ್ರೆ ಕೂತು ಯೋಚಿಸದೆ, ಲೆಕ್ಕ ಹಾಕದೆ, ತಾನಾಗಿಯೇ ಕೆಲಸ ಮಾಡಿಸುವ ಮನಸ್ಸಿನ ಸ್ಥಿತಿ. ಯೋಚಿಸಿ ಉತ್ತರ ಗುರುತು ಹಾಕುವ ಪರೀಕ್ಷೆಯಲ್ಲಿ ಅದನ್ನು ಅಳೆಯೋದು ಹೇಗೆ ಅಂತ ನನಗಂತೂ ಹೊಳೆಯಲಿಲ್ಲ.

ಇನ್ನು ಬಹುಮಾನದ ವಿಷಯ. ಜನ ನೋಡಲಿ ಅಂತ ಮಾಡುವ ಒಳ್ಳೆಯ ಕೆಲಸಕ್ಕೆ ರಿಯಾ ಅಂತಾರೆ. ಅಂತಿಮ ದಿನ ಮೊಟ್ಟಮೊದಲು ವಿಚಾರಣೆಗೆ ಬರುವ ಮೂವರ ಬಗ್ಗೆ ಒಂದು ಹದೀಸ್ ಇದೆ: ಯುದ್ಧದಲ್ಲಿ ಪ್ರಾಣ ಕೊಟ್ಟವನು, ಕುರ್‌ಆನ್ ಕಲಿತು ಕಲಿಸಿದವನು, ಕೈತುಂಬ ದಾನ ಮಾಡಿದವನು. ಮೂವರೂ ನರಕಕ್ಕೆ. ಯಾಕೆ? ಶೂರ, ಪಂಡಿತ, ದಾನಿ ಅಂತ ಜನ ಹೊಗಳಲಿ ಅಂತ ಮಾಡಿದ್ದರು, ಹೊಗಳಿಕೆ ಇಲ್ಲೇ ಸಿಕ್ಕಿತು, ಲೆಕ್ಕ ಚುಕ್ತಾ. ಇಷ್ಟು ಕಠಿಣವಾದ ಮಾತು ಹೇಳುವ ಪರಂಪರೆಯಲ್ಲಿ ‘ಉತ್ತಮ ನಡತೆಯ ವಿದ್ಯಾರ್ಥಿ’ ಅಂತ ವೇದಿಕೆ ಮೇಲೆ ಶಾಲು ಹೊದಿಸಿ ಫೋಟೊ ತೆಗೆಯೋದು ಹೇಗೆ ಹೊಂದುತ್ತೆ? ಇಮಾಮ್ ಗಜಾಲಿ ಬಾಗ್ದಾದಿನ ನಿಜಾಮಿಯಾ ವಿದ್ಯಾಪೀಠದಲ್ಲಿ ಆ ಕಾಲದ ಅತಿ ದೊಡ್ಡ ಮೇಷ್ಟರು. ತಾನು ಪಾಠ ಮಾಡ್ತಿರೋದು ದೇವರಿಗಾಗಿಯೋ, ಹೆಸರಿಗಾಗಿಯೋ ಅಂತ ಒಳಗೇ ಕೇಳಿಕೊಂಡು, ಹೆಸರಿಗಾಗಿ ಅಂತ ಗೊತ್ತಾದಾಗ ಪಾಠ ಮಾಡಲು ನಾಲಿಗೆಯೇ ಏಳದ ಹಾಗಾಯಿತಂತೆ. 1095ರಲ್ಲಿ ಹುದ್ದೆ ಬಿಟ್ಟು ಹೊರಟೇಬಿಟ್ಟರು. ಮತ್ತೆ ಪಾಠಕ್ಕೆ ನಿಂತದ್ದು ಹನ್ನೊಂದು ವರ್ಷದ ಮೇಲೆ, ನಿಶಾಪುರದಲ್ಲಿ.

ಹಾಗಂತ ಗಜಾಲಿ, ಮನಸ್ಸು ಶುದ್ಧ ಆಗೋವರೆಗೆ ಏನೂ ಮಾಡಬೇಡಿ ಅನ್ನಲಿಲ್ಲ. ಅವರದೇ ಉದಾಹರಣೆ ಇದೆ. ಅಕ್ಷರ ಚೆನ್ನಾಗಿ ಬರೀಬೇಕು ಅನ್ನುವವನು ಮೊದಲು ಬರೆಯಬಲ್ಲವನ ಕೈಯನ್ನು ನೋಡಿ, ಕಷ್ಟಪಟ್ಟು ನಕಲು ಮಾಡ್ತಾನೆ, ಮಾಡ್ತಾ ಮಾಡ್ತಾ ಅದು ತನ್ನದೇ ಕೈಬರಹ ಆಗುತ್ತೆ. ಉದಾರತೆಯೂ ಹಾಗೇ, ಮೊದಲು ಬಲವಂತದಿಂದ ಕೊಡು, ಆಮೇಲೆ ಅಭ್ಯಾಸ ಆಗುತ್ತೆ. ಕಾಪಿ ಪುಸ್ತಕದಲ್ಲಿ ಮೇಲಿನ ಸಾಲು ನೋಡಿ ಕೆಳಗೆ ತಿದ್ದಿದ ನಮಗೆ ಇದು ಗೊತ್ತಿರುವುದೇ. ಹಾಗಾದ್ರೆ ಮಗು ನೋಡಿ ತಿದ್ದಬೇಕಾದ ಆ ಮೇಲಿನ ಸಾಲು ಯಾರು?

ನನ್ನ ಮಟ್ಟಿಗೆ ಅದು ಅಬ್ಬಾನ ತಕ್ಕಡಿ. ಅವರದು ಸಂತೆ ಸಂತೆ ತಿರುಗಿ ಈರುಳ್ಳಿ ಬೆಳ್ಳುಳ್ಳಿ ಮಾರುವ ಕೆಲಸ. ರಜೆಯಲ್ಲಿ ನಾನೂ ಜೊತೆಗೆ ಹೋಗ್ತಿದ್ದೆ. ತೂಕದಲ್ಲಿ ಮೋಸ ಮಾಡುವವರ ಬಗ್ಗೆಯೇ ಕುರ್‌ಆನಿನಲ್ಲಿ ಒಂದು ಅಧ್ಯಾಯ ಇದೆ, 83ನೆಯದು. ತೂಗುವಾಗ ಗಿರಾಕಿಯ ಕಡೆಗೇ ಸ್ವಲ್ಪ ಇಳಿಸಿ ತೂಗು ಅನ್ನುವ ಅರ್ಥದ ಹದೀಸೂ ಇದೆ. ಅಬ್ಬಾ ಇದನ್ನೆಲ್ಲ ಹೇಳಿದ್ದು ನೆನಪಿಲ್ಲ. ಮುಳ್ಳು ನೇರ ನಿಂತ ಮೇಲೆ ಕೈ ಮತ್ತೆ ರಾಶಿಗೆ ಹೋಗಿ ಎರಡು ಗಡ್ಡೆ ಎತ್ತಿ ತಟ್ಟೆಗೆ ಹಾಕೋದು, ಅದು ನೆನಪಿದೆ. ನಮ್ಮ ಕಡೆ ಅದಕ್ಕೆ ಕೊಸರು ಅಂತೀವಿ. ಕೊಳ್ಳುವವರು ಗೌಡರು, ಲಿಂಗಾಯತರು, ದಲಿತರ ಕೇರಿಯ ಅಜ್ಜಿ, ನಮ್ಮವರೇ ಒಂದಿಬ್ಬರು. ಯಾರಿಗೆ ಕೊಸರು, ಯಾರಿಗೆ ಇಲ್ಲ ಅಂತ ಕೈ ಯೋಚಿಸ್ತಿರಲಿಲ್ಲ. ಅದು ವ್ಯಾಪಾರದ ಉಪಾಯವೂ ಹೌದು ಅಂತ ಯಾರಾದರೂ ಅನ್ನಬಹುದು. ಇರಬಹುದು. ಆದರೆ ಮತ್ತೆ ಆ ಕಡೆ ಬರದ ದಾರಿಹೋಕರಿಗೂ ಹಾಕ್ತಿದ್ದರು.

ಪ್ರವಾದಿಯವರು ಮಕ್ಕಳಿಗೆ ಕಲಿಸಿದ ರೀತಿಯ ಬಗ್ಗೆ ಬರುವ ಪ್ರಸಂಗಗಳೂ ಇದೇ ಜಾತಿಯವು. ಅವರ ಮನೆಯಲ್ಲೇ ಬೆಳೆದ ಉಮರ್ ಬಿನ್ ಅಬೀ ಸಲಮ ಅನ್ನುವ ಹುಡುಗನ ಕೈ ಊಟದ ಹೊತ್ತಿಗೆ ತಟ್ಟೆಯಲ್ಲೆಲ್ಲ ಓಡಾಡ್ತಿತ್ತು. ಜೊತೆಯಲ್ಲಿ ಉಣ್ತಾ ಇದ್ದ ಪ್ರವಾದಿಯವರು ದೇವರ ಹೆಸರು ಹೇಳು, ಬಲಗೈಯಲ್ಲಿ ಉಣ್ಣು, ನಿನ್ನ ಮುಂದಿರುವುದನ್ನ ತಿನ್ನು ಅಂತ ಮೂರೇ ಮಾತು ಹೇಳಿದರು. ಆ ಹುಡುಗನಿಗೆ ಜೀವನಪೂರ್ತಿ ಅದೇ ಅಭ್ಯಾಸ ಆಯಿತು. ಇನ್ನೊಬ್ಬ ಹುಡುಗ ಅನಸ್, ಹತ್ತು ವರ್ಷ ಅವರ ಸೇವೆಯಲ್ಲಿದ್ದ. ಒಂದು ದಿನವೂ ನನ್ನನ್ನು ಗದರಲಿಲ್ಲ, ಯಾಕೆ ಹೀಗೆ ಮಾಡಿದೆ ಅನ್ನಲಿಲ್ಲ ಅಂತ ಅವನೇ ಆಮೇಲೆ ನೆನೆದಿದ್ದಾನೆ. ಈ ಪ್ರಸಂಗವನ್ನು ಕೈಯಲ್ಲಿ ಬೆತ್ತ ಹಿಡಿದುಕೊಂಡೇ ಪಾಠ ಮಾಡುವವರನ್ನ ನೋಡಿದ್ದೇನೆ. ಶಾಲೆಯಲ್ಲಿ ಹೊಡೆಯೋದನ್ನ 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿತು, ಬೆತ್ತ ಅಷ್ಟು ಬೇಗ ಹೋಗಲಿಲ್ಲ.

ಇಷ್ಟೆಲ್ಲ ಮಕ್ತಬ್‌ನ, ಮನೆಯ ಮಾತಾಯಿತು. ಆ ಯೋಜನೆಯಲ್ಲಿ ಶಾಲೆ ಅನ್ನುವ ಪದ ಇತ್ತು, ಅಲ್ಲಿ ವಿಷಯ ಬದಲಾಗುತ್ತೆ. ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಇಲ್ಲ ಅಂತ ಸಂವಿಧಾನದ 28ನೇ ವಿಧಿ ಹೇಳುತ್ತೆ. ಅನುದಾನದ, ಮಾನ್ಯತೆಯ ಶಾಲೆಗಳಲ್ಲೂ ಮಗುವಿನ ಪೋಷಕರ ಒಪ್ಪಿಗೆ ಇಲ್ಲದೆ ಕೂರಿಸುವ ಹಾಗಿಲ್ಲ. ಧರ್ಮಗಳ ಬಗ್ಗೆ ತಿಳಿಸೋದು ಬೇರೆ, ಒಂದು ಧರ್ಮವನ್ನು ಬೋಧಿಸೋದು ಬೇರೆ ಅನ್ನುವ ಗೆರೆಯನ್ನು 2002ರಲ್ಲಿ ಅರುಣಾ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎಳೆಯಿತು. ಕಾಗದದ ಮೇಲೆ ಗೆರೆ ಸ್ಪಷ್ಟ. 2022ರ ಸೆಪ್ಟೆಂಬರ್‌ನಲ್ಲಿ ಗದಗ ಜಿಲ್ಲೆಯ ನಾಗಾವಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ಪ್ರವಾದಿ ಮುಹಮ್ಮದರ ಬಗ್ಗೆ ಮಕ್ಕಳಿಗೆ ಪ್ರಬಂಧ ಸ್ಪರ್ಧೆ ಇಟ್ಟಾಗ ದೊಡ್ಡ ಗಲಾಟೆಯಾಗಿ ವಿಷಯ ಇಲಾಖೆವರೆಗೆ ಹೋಯಿತು. ಅದೇ ವರ್ಷ ಆಗಿನ ಶಿಕ್ಷಣ ಸಚಿವ ಬಿ.ಸಿ. ನಾಗೇಶ್ ನೈತಿಕ ಶಿಕ್ಷಣದ ಭಾಗವಾಗಿ ಭಗವದ್ಗೀತೆ ಕಲಿಸುವ ಮಾತಾಡಿದರು, ಅದಕ್ಕೆ ಈ ಕಡೆಯಿಂದ ಆಕ್ಷೇಪ. ಒಂದಕ್ಕೆ ಚಪ್ಪಾಳೆ ಹೊಡೆದವರು ಇನ್ನೊಂದಕ್ಕೆ ಸಂವಿಧಾನ ತೆಗೆದರು. ಎರಡೂ ಕಡೆ ಇದೇ ಕಥೆ, ನನ್ನ ಕಡೆಯವರನ್ನೂ ಸೇರಿಸಿಯೇ ಹೇಳ್ತಿದ್ದೀನಿ.

ಕಾನೂನು ಬಿಡಿ, ನನ್ನ ತಕರಾರು ಬೇರೆ. ಬೇಡ ಅಂತ ನಾನು ಹೇಳೋದು ಆ ಮೂರು ಜನರ ಅದಬ್‌ನಿಂದಲೇ. ನಲವತ್ತು ಮಕ್ಕಳ ಕ್ಲಾಸಿನಲ್ಲಿ ಎಂಟು ಮಕ್ಕಳನ್ನ ಎಬ್ಬಿಸಿ ಪಕ್ಕದ ರೂಮಿಗೆ ಕರೆದುಕೊಂಡು ಹೋಗಿ ‘ನೆರೆಯವರ ಜೊತೆ ಹೇಗಿರಬೇಕು’ ಅಂತ ಪಾಠ ಮಾಡಿದರೆ, ನೆರೆಯವರು ಎಲ್ಲಿ? ಅವರು ಆಚೆ ರೂಮಿನಲ್ಲಿ ಇನ್ನೇನೋ ಕೇಳ್ತಾ ಕೂತಿದ್ದಾರೆ. ಎರಡೂ ಗುಂಪು ಒಬ್ಬರನ್ನೊಬ್ಬರು ಬಿಟ್ಟು ಪಿಸುಗುಟ್ಟಿದ ಹಾಗೇ. ನಮ್ಮನಮ್ಮವರ ನಡುವೆ ಅಭ್ಯಾಸ ಆದ ಒಳ್ಳೆತನ ನಮ್ಮ ಗುಂಪಿನ ಗುರುತಾಗಬಹುದು, ಟೋಪಿ ಥರ, ತಿಲಕದ ಥರ. ಗುಣ ಆಗಬೇಕಾದರೆ ಅದು ನಮ್ಮವನಲ್ಲದವನ ಮೇಲೆ ಪ್ರಯೋಗ ಆಗಬೇಕು. ಆ ಅವಕಾಶ ಮಕ್ತಬ್‌ನಲ್ಲಿಲ್ಲ, ಮನೆಯಲ್ಲೂ ಕಡಿಮೆ. ಇರೋದು ಸರ್ಕಾರಿ ಶಾಲೆಯ ನಲ್ಲಿ ಮುಂದಿನ ಸಾಲಿನಲ್ಲಿ, ಬಿಸಿಯೂಟದ ಪಂಕ್ತಿಯಲ್ಲಿ. ಸಾಲಿನಲ್ಲಿ ಮೊದಲು ಯಾರು, ತಟ್ಟೆ ಯಾರು ತೊಳೀತಾರೆ, ಯಾರ ಪಕ್ಕ ಯಾರು ಕೂರಲ್ಲ, ಇದನ್ನ ಗಮನಿಸುವ ಒಬ್ಬ ಮೇಷ್ಟರಿದ್ದರೆ ಅಲ್ಲಿ ಅಖ್ಲಾಕ್‌ನ ಪಾಠ ಅದರ ಹೆಸರೇ ಹೇಳದೆ ನಡೆಯುತ್ತೆ. ಬಸವಣ್ಣನ ಆ ಏಳು ‘ಬೇಡ’ಗಳ ವಚನ ಎಷ್ಟೋ ಶಾಲೆಗಳ ಗೋಡೆ ಮೇಲಿದೆ. ಗೋಡೆ ಬಣ್ಣ ಹೊಸದಾದಾಗಲೆಲ್ಲ ಮತ್ತೆ ಬರೆಸ್ತಾರೆ, ಅಷ್ಟೇ.

ಇದಕ್ಕೆ ನಮ್ಮ ಜಿಲ್ಲೆಯಲ್ಲೇ ಆರೂವರೆ ಶತಮಾನ ಹಳೆಯ ಉದಾಹರಣೆ ಇದೆ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಬುಕ್ಕರಾಯನ ಶಾಸನ, 1368ರದ್ದು. ಜೈನರಿಗೂ ಶ್ರೀವೈಷ್ಣವರಿಗೂ ಜಗಳ ಹತ್ತಿ ದೂರು ರಾಜನವರೆಗೆ ಹೋಯಿತು. ಬುಕ್ಕರಾಯ ಎರಡೂ ಕಡೆಯವರನ್ನು ಕರೆಸಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಕ್ಕೂ ಭೇದವಿಲ್ಲ ಅಂದ. ಅಲ್ಲಿಗೇ ಬಿಟ್ಟಿದ್ದರೆ ಭಾಷಣ ಆಗಿರ್ತಿತ್ತು. ಜೈನರ ಮನೆಗಳಿಂದ ವರ್ಷಕ್ಕೆ ಮನೆಗೊಂದು ಹಣ ಎತ್ತಿ, ಬೆಳಗೊಳದ ದೇವರ ಕಾವಲಿಗೆ ಇಪ್ಪತ್ತು ಜನರನ್ನು ಇಡಬೇಕು, ಉಳಿದದ್ದರಲ್ಲಿ ಬಸದಿಗಳಿಗೆ ಸುಣ್ಣ ಬಳಿಸಬೇಕು ಅಂತ ಏರ್ಪಾಟಾಯಿತು. ಆ ಏರ್ಪಾಟಿನ ಹೊಣೆ ಯಾರಿಗೆ? ವೈಷ್ಣವರ ಕಡೆಯ ತಾತಯ್ಯನಿಗೆ. ಜಗಳ ಆಡಿದವರ ಹೆಗಲಿಗೇ ಇನ್ನೊಬ್ಬರ ದೇವರನ್ನು ಕಾಯುವ ಕೆಲಸ ಹಾಕಿದ್ದು. ಒಳ್ಳೆಯವರಾಗಿರಿ ಅಂತ ಹೇಳಿದ್ದಕ್ಕಿಂತ ಇದು ಹೆಚ್ಚು ಕೆಲಸ ಮಾಡಿರುತ್ತೆ ಅಂತ ನನ್ನ ಊಹೆ.

ಇನ್ನೊಂದು ಮಾತು ಹೇಳದೆ ಮುಂದೆ ಹೋದರೆ ಅಪ್ರಾಮಾಣಿಕ ಆಗುತ್ತೆ. ನಮ್ಮಲ್ಲಿ ಅಖ್ಲಾಕ್ ಬಗ್ಗೆ ಮಕ್ಕಳಿಗೆ ಮಾತಾಡೋಕೆ ಕೂತರೆ ಅರ್ಧ ಭಾಷಣ ಹೆಣ್ಣುಮಕ್ಕಳ ಬಟ್ಟೆ, ದನಿ, ನಡಿಗೆಗೇ ಹೋಗುತ್ತೆ. ಹುಡುಗರಿಗೆ ಸಿಗರೇಟು ಸೇದಬೇಡಿ ಅಂತ ಒಂದು ಸಾಲು. ಹಾಸನದವರೇ ಆದ, ವಕೀಲೆ ಬಾನು ಮುಷ್ತಾಕ್ ದಶಕಗಳಿಂದ ಬರೆದದ್ದು ಈ ಕಂದಕದ ಬಗ್ಗೆಯೇ. 2025ರಲ್ಲಿ ‘ಹಾರ್ಟ್ ಲ್ಯಾಂಪ್’ಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ಜಿಲ್ಲೆಯ ನಾವೆಲ್ಲ ಸ್ಟೇಟಸ್ ಹಾಕಿಕೊಂಡೆವು. ಎಷ್ಟು ಜನ ಓದಿದರೋ ಗೊತ್ತಿಲ್ಲ. ಅವರ ‘ಕರಿ ನಾಗರಗಳು’ ಕಥೆಯಲ್ಲಿ (ಗಿರೀಶ್ ಕಾಸರವಳ್ಳಿ 2004ರಲ್ಲಿ ಇದನ್ನೇ ‘ಹಸೀನಾ’ ಸಿನಿಮಾ ಮಾಡಿದರು) ಗಂಡ ಕೈಬಿಟ್ಟ ಹೆಂಗಸು ಮಕ್ಕಳನ್ನು ಕಟ್ಟಿಕೊಂಡು ನ್ಯಾಯ ಕೇಳೋಕೆ ಮಸೀದಿ ಬಾಗಿಲಿಗೆ ಬರ್ತಾಳೆ. ನ್ಯಾಯ ಕೊಡಬೇಕಾದ ಮುತವಲ್ಲಿಗೆ ಅದಬ್ ಗೊತ್ತಿಲ್ಲದೆ ಇರುತ್ತಾ? ಐವತ್ತು ಪ್ರಶ್ನೆಯ ಪರೀಕ್ಷೆ ಇಟ್ಟರೆ ಆತನಿಗೆ ಐವತ್ತಕ್ಕೆ ಐವತ್ತು ಬಂದಿರ್ತಿತ್ತು. ಪುಸ್ತಕ ಮಾಡುವವರು ಮಕ್ಕಳಿಗೆ ಈ ಕಥೆಯನ್ನೂ ಓದಿಸಲಿ ಅಂತ ನಾನು ಆ ಹಿರಿಯರಿಗೆ ಹೇಳಿದೆ. ಅವರು ಮಾತು ಬದಲಾಯಿಸಿದರು.

ಹಾಗಾದ್ರೆ ಹೆಸರೇ ಇಲ್ಲದ, ಮೂಲವೇ ಇಲ್ಲದ ನೀತಿ ಸಾಕಾ ಅಂತ ಕೇಳಬಹುದು. ನನಗೆ ಹಾಗನ್ನಿಸಲ್ಲ. ನನ್ನ ಮಗಳಿಗೆ ಆರು ವರ್ಷ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಹೂ ಕೀಳಬೇಡ, ಕ್ಯಾಮೆರಾ ಇದೆ ಅಂತ ಆಯಾ ಹೇಳ್ತಾರೆ. ನನಗೆ ಅಮ್ಮಿ ಹೇಳ್ತಿದ್ದದ್ದು, ಅಲ್ಲಾಹ್ ನೋಡ್ತಾನೆ ಅಂತ. ಎರಡೂ ‘ನೋಡ್ತಾರೆ’ ಅನ್ನುವ ಮಾತೇ, ಆದರೆ ಕ್ಯಾಮೆರಾ ಇಲ್ಲದ ಮೂಲೆ ಸಿಗುತ್ತೆ. ಅದಕ್ಕಿಂತ ಮುಖ್ಯ, ಕ್ಯಾಮೆರಾಗೆ ಹೂ ಕಿತ್ತದ್ದು ಮಾತ್ರ ಕಾಣುತ್ತೆ, ಕೀಳಬೇಕು ಅನ್ನಿಸಿದರೂ ಬಿಟ್ಟದ್ದು ಕಾಣಲ್ಲ. ಯಾರೂ ನೋಡದೆ ಇದ್ದಾಗಲೂ ತಾನು ಬಿಟ್ಟದ್ದಕ್ಕೆ ಒಂದು ಸಾಕ್ಷಿ ಇದೆ ಅನ್ನುವ ನಂಬಿಕೆ ಮಗುವಿಗೆ ದೊಡ್ಡ ಆಸರೆ. ಆ ಆಸರೆಯನ್ನು ಅವಳಿಂದ ಕಿತ್ತುಕೊಳ್ಳೋಕೆ ನನಗೆ ಇಷ್ಟ ಇಲ್ಲ, ಪಕ್ಕದ ಮನೆಯ ಹುಡುಗಿಗೆ ಇನ್ನೊಂದು ಹೆಸರಿನಲ್ಲಿ ಸಿಗುವ ಅದೇ ಆಸರೆಯನ್ನೂ. ಅದು ಮನೆಯದು, ಮಕ್ತಬ್‌ನದು. ಶಾಲೆಗೆ ಅವಳು ಅದನ್ನ ಒಳಗೆ ಇಟ್ಟುಕೊಂಡು ಹೋಗಲಿ, ಬ್ಯಾಗಿನ ಮೇಲೆ ಅಂಟಿಸಿಕೊಂಡು ಬೇಡ.

ದುಡ್ಡಿನ ವಿಷಯ. ಬಹುಮಾನಕ್ಕೆ ಕೊಡಲ್ಲ ಅಂದೆ, ಕೊಡಲ್ಲ ಅಂತ ಮಾತ್ರ ಅನ್ನಲಿಲ್ಲ. ಕೂಲಿಯವನ ಬೆವರು ಆರುವ ಮುಂಚೆ ಕೂಲಿ ಕೊಡಿ ಅನ್ನುವ ಹದೀಸ್ ಆ ಪುಸ್ತಕದಲ್ಲೂ ಇರುತ್ತೆ, ಮಕ್ಕಳು ಬಾಯಿಪಾಠವೂ ಮಾಡ್ತಾರೆ. ಅವರಿಗೆ ಅದನ್ನು ಹೇಳಿಕೊಡುವ ಹಜ್ರತ್‌ಗಳ ಸಂಬಳ ಎಷ್ಟು, ಅದು ತಿಂಗಳ ಯಾವ ತಾರೀಕಿಗೆ ಕೈಗೆ ಸಿಗುತ್ತೆ ಅಂತ ಹಳ್ಳಿ ಕಡೆಯ ಯಾವುದಾದರೂ ಮಸೀದಿಯಲ್ಲಿ ವಿಚಾರಿಸಿ ನೋಡಿ. ನಾಲ್ಕು ತಾಲ್ಲೂಕಿನಲ್ಲಿ ಒಂದೇ ಒಂದು ಮಕ್ತಬ್ ಆರಿಸಿ, ಅಲ್ಲಿಯ ಹಜ್ರತ್‌ಗೆ ಬದುಕೋಕೆ ಆಗುವಷ್ಟು ಸಂಬಳ ಪ್ರತಿ ಒಂದನೇ ತಾರೀಕು ಕೊಡುವುದಾದರೆ, ಒಂದು ವರ್ಷದ ಅರ್ಧ ಭಾಗ ನನ್ನದು ಅಂದೆ. ವೇದಿಕೆ, ಶಾಲು, ಫೋಟೊ ಬೇಡ, ಯಾರು ಕೊಟ್ಟರು ಅಂತ ಮಕ್ಕಳಿಗೂ ಗೊತ್ತಾಗೋದು ಬೇಡ. ಕಮಿಟಿಯಲ್ಲಿ ಕೇಳಿ ಹೇಳ್ತೀನಿ ಅಂದಿದ್ದಾರೆ.